34 ಜನರ ಮಷಿನ್ ಶಾಪ್‌ಗೆ ಇನ್ನೆಷ್ಟು ಜನ ಬೇಕು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಮಷಿನ್ ಶಾಪ್ ಇದೆ. ಹೈಡ್ರಾಲಿಕ್ ಪಾರ್ಟ್‌ಗಳನ್ನು ಮಾಡುತ್ತೇವೆ. ಎರಡು ಶಿಫ್ಟ್, ಒಟ್ಟು 34 ಜನ. ಹೊಸ ಗಿರಾಕಿಯೊಬ್ಬರಿಂದ ತಿಂಗಳಿಗೆ 6,000 ಪೀಸ್ ಆರ್ಡರ್ ಬರುವುದರಲ್ಲಿದೆ. ಒಂದು ಪೀಸಿಗೆ ಟರ್ನಿಂಗ್ 7 ನಿಮಿಷ, ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್) 9 ನಿಮಿಷ, ಗ್ರೈಂಡಿಂಗ್ 4, ಡಿಬರಿಂಗ್ (ಅಂಚಿನ ಚೂಪು ತೆಗೆಯುವುದು) ಮತ್ತು ಚೆಕ್ಕಿಂಗ್ 3 ನಿಮಿಷ ಹಿಡಿಯುತ್ತದೆ. ವ್ಯಾಪಾರ ಒಂದೂವರೆ ಪಟ್ಟಾಗುತ್ತದೆ. ಹಾಗಾದರೆ 17 ಜನರನ್ನು ತಗೊಳ್ಳಬೇಕಾ? ನನ್ನ ತಮ್ಮ ಬೆಂಗಳೂರಿನ ಒಂದು ದೊಡ್ಡ ಐಟಿ ಕಂಪನಿಯ ಎಚ್‌ಆರ್‌ನಲ್ಲಿದ್ದಾನೆ. ಅವರಲ್ಲಿ ವರ್ಕ್‌ಫೋರ್ಸ್ ಪ್ಲಾನಿಂಗ್‌ಗೇ ಬೇರೆ ಟೀಮ್ ಇದೆಯಂತೆ. ಅವನು ಕಳಿಸಿದ ಎಕ್ಸೆಲ್ ಶೀಟ್ ನೋಡಿದರೆ ತಲೆಬುಡ ತಿಳಿಯುವುದಿಲ್ಲ. 50 ಜನ ದಾಟಿದರೆ ಕಾನೂನಿನ ತಾಪತ್ರಯ ಜಾಸ್ತಿ, ಕಂಟ್ರಾಕ್ಟರ್ ಕಡೆಯಿಂದ ಜನ ತಗೊಳ್ಳಿ ಎಂದು ಅಕೌಂಟೆಂಟ್ ಹೇಳುತ್ತಾರೆ. ನಮ್ಮಂಥ ಸಣ್ಣವರಿಗೆ ಈ ಪ್ಲಾನಿಂಗ್ ಎಲ್ಲ ಬೇಕಾ? ಅಂದಹಾಗೆ ನಮ್ಮ ಗ್ರೈಂಡಿಂಗ್ ಮಿಸ್ತ್ರಿಗೆ ಈಗ 57. ಅವರು ಬಿಟ್ಟ ಮೇಲೆ ಆ ಜಾಗಕ್ಕೂ ಒಬ್ಬರು ಬೇಕಾಗುತ್ತಾರೆ.

ಉತ್ತರ:

ಪ್ಲಾನಿಂಗ್ ಬೇಕು. ತಮ್ಮನ ಶೀಟ್ ಬೇಡ. 17 ಜನವೂ ಬೇಡ. ನೀವು ಕೊಟ್ಟಿರುವ ನಿಮಿಷಗಳ ಮೇಲೆ ಲೆಕ್ಕ ಹಾಕಿದರೆ 11 ಜನಕ್ಕೆ ನಿಲ್ಲುತ್ತದೆ. ಅವರನ್ನೂ ಒಂದೇ ಸಲ ತಗೊಳ್ಳುವ ಅಗತ್ಯವಿಲ್ಲ.

ಮೊದಲು ತಮ್ಮನ ಶೀಟಿನ ವಿಷಯ ಮುಗಿಸೋಣ. ಅದು ತಪ್ಪು ಶೀಟ್ ಅಲ್ಲ, ಬೇರೆ ಪ್ರಶ್ನೆಗೆ ಉತ್ತರ ಹುಡುಕುವ ಶೀಟ್. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್ ಪ್ರಕಟಿಸಿದ ಅಟ್ರಿಷನ್, ಅಂದರೆ ವರ್ಷದಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ, ಶೇ 28.4. ಆಗ ಅಲ್ಲಿ 3 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅಷ್ಟು ದೊಡ್ಡ ಕಡೆ ಯಾರು ಬಿಡುತ್ತಾರೆ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಜನ ಬಿಡುತ್ತಾರೆ ಎಂದು ಕೇಳುತ್ತಾರೆ. ಅದು ಗೊತ್ತಾದರೆ ಕ್ಯಾಂಪಸ್‌ನಿಂದ ಎಷ್ಟು ಹುಡುಗರನ್ನು ತರಬೇಕು, ಬೆಂಚ್ ಮೇಲೆ (ಪ್ರಾಜೆಕ್ಟ್ ಇಲ್ಲದೆ ಕಾಯುವವರಾಗಿ) ಎಷ್ಟು ಜನರನ್ನು ಕೂರಿಸಬೇಕು, ಹೊಸಬರೆಷ್ಟು, ಸೀನಿಯರ್‌ಗಳೆಷ್ಟು ಎನ್ನುವ ಲೆಕ್ಕವೆಲ್ಲ ಹೊರಡುತ್ತದೆ. ಅಲ್ಲಿ ಶೇಕಡಾವಾರು ಲೆಕ್ಕ ಕೆಲಸ ಮಾಡುತ್ತದೆ, ಏಕೆಂದರೆ ಸಾವಿರಾರು ಜನ ಒಂದೇ ಥರದ ಕೆಲಸದಲ್ಲಿದ್ದಾರೆ. ಒಬ್ಬ ಹೋದರೆ ಅದೇ ಕೆಲಸ ಬಲ್ಲ ಇನ್ನೊಬ್ಬ ಬೆಂಚಿನಲ್ಲಿ ಸಿಗುತ್ತಾನೆ. (ಅವರ ಲೆಕ್ಕವೂ ತಪ್ಪುತ್ತದೆ, ಬಿಡಿ. 2022ರಲ್ಲಿ ಆಫರ್ ಲೆಟರ್ ಹಿಡಿದುಕೊಂಡ ಎಷ್ಟೋ ಹುಡುಗರು ಸೇರುವ ತಾರೀಕಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು.)

ಅದೇ ಶೇ 28 ಅನ್ನು ನಿಮ್ಮ 34 ಜನರ ಮೇಲೆ ಹಾಕಿ ನೋಡಿ. ವರ್ಷಕ್ಕೆ ಒಂಬತ್ತು-ಹತ್ತು ಜನ ಎಂದಾಯಿತು. ಇದರಿಂದ ಏನು ತಿಳಿಯಿತು? ಏನೂ ಇಲ್ಲ. ಒಂಬತ್ತು ಹೆಲ್ಪರ್‌ಗಳು ಬಿಟ್ಟರೆ ಎರಡು ವಾರ ತಲೆನೋವು, ಅಷ್ಟೇ. ವಿಎಂಸಿ ಸೆಟ್ಟರ್, ಅಂದರೆ ಹೊಸ ಕೆಲಸಕ್ಕೆ ಮಷಿನ್ ಹೊಂದಿಸಿ ಕೊಡುವವನು, ಒಬ್ಬನೇ ಬಿಟ್ಟರೂ ಶಾಪ್ ನಿಲ್ಲುತ್ತದೆ. ಸಣ್ಣ ಜಾಗದಲ್ಲಿ ಪ್ಲಾನಿಂಗ್ ಹೆಸರುಗಳ ಮೇಲೆ ನಡೆಯಬೇಕು, ಸರಾಸರಿಗಳ ಮೇಲೆ ಅಲ್ಲ.

ಇದು ನನ್ನೊಬ್ಬನ ಅಭಿಪ್ರಾಯ ಅಂದುಕೊಳ್ಳಬೇಡಿ. ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಇದೇ ತಿಳಿವಳಿಕೆ ಇದೆ. ಒಂದರಿಂದ ಐದನೇ ತರಗತಿಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಆದರೆ ಕಾಯ್ದೆಯ ಪಟ್ಟಿಯಲ್ಲಿ ಇರುವುದು, 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದು. ಶಾಲೆಯಲ್ಲಿ 12 ಮಕ್ಕಳಿದ್ದರೂ ಇಬ್ಬರು. 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, 200 ದಾಟಿದ ಮೇಲಷ್ಟೇ ಬರೀ ಅನುಪಾತದ ಮಾತು ಬರುತ್ತದೆ. ಸಣ್ಣ ಶಾಲೆಗೆ ಅನುಪಾತ ಹಾಕಿದರೆ ಒಬ್ಬರೇ ಉಳಿಯುತ್ತಾರೆ, ಆ ಒಬ್ಬರು ರಜೆ ಹಾಕಿದ ದಿನ ಶಾಲೆಗೆ ಬೀಗ.

ಈಗ ನಿಮ್ಮ ಆರ್ಡರ್‌ಗೆ ಬರೋಣ.

ಒಬ್ಬ ಕೆಲಸಗಾರ ವರ್ಷಕ್ಕೆ ನಿಜವಾಗಿ ಎಷ್ಟು ದಿನ ಸಿಗುತ್ತಾನೆ? 365ರಲ್ಲಿ 52 ವಾರದ ರಜೆ ತೆಗೆಯಿರಿ. ಕರ್ನಾಟಕದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆ ಎಂದು ಕನಿಷ್ಠ 10 ದಿನ ಕೊಡಬೇಕು. ಉಳಿದದ್ದು 303. ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಗಳಿಕೆ ರಜೆ, ಸುಮಾರು 14. ಜ್ವರ, ಮದುವೆ, ಮಗುವಿನ ಶಾಲೆ, ಊರಿನ ಕೆಲಸ ಎಂದು ಇನ್ನೊಂದು 12 ದಿನ ಹಿಡಿಯೋಣ. ಕೊನೆಗೆ ಕೈಗೆ ಬರುವುದು 277 ದಿನ, ತಿಂಗಳಿಗೆ 23. ಎಂಟು ಗಂಟೆಯ ಶಿಫ್ಟಿನಲ್ಲಿ ಟೂಲ್ ಬದಲಿಸುವುದು, ಮೆಟೀರಿಯಲ್‌ಗೆ ಕಾಯುವುದು, ಚಹಾ, ಕರೆಂಟ್ ಎಲ್ಲ ಕಳೆದು ಶೇ 80 ಕೆಲಸ ನಡೆದರೆ ಅದು ಒಳ್ಳೆಯ ಶಾಪ್. ಅಂದರೆ ದಿನಕ್ಕೆ 6.4 ಗಂಟೆ, ಒಬ್ಬರಿಗೆ ತಿಂಗಳಿಗೆ 147 ಗಂಟೆ.

6,000 ಪೀಸಿಗೆ ಟರ್ನಿಂಗ್ 700 ಗಂಟೆ, ವಿಎಂಸಿ 900, ಗ್ರೈಂಡಿಂಗ್ 400, ಡಿಬರಿಂಗ್ ಮತ್ತು ಚೆಕ್ಕಿಂಗ್ 300. ಇದನ್ನೆಲ್ಲ ನೇರವಾಗಿ 147ರಿಂದ ಭಾಗಿಸಿದರೆ 15.6 ಜನ ಬರುತ್ತದೆ. ನಿಮ್ಮ 17ಕ್ಕೆ ಹತ್ತಿರವೇ. ಆದರೆ 7 ನಿಮಿಷದ ಟರ್ನಿಂಗ್ ಸೈಕಲ್‌ನಲ್ಲಿ ಆಪರೇಟರ್ ಕೈ ಹಾಕುವುದು ಲೋಡ್ ಮಾಡುವಾಗ, ಇಳಿಸುವಾಗ ಮತ್ತು ಒಂದು ಅಳತೆ ನೋಡುವಾಗ ಮಾತ್ರ. ಉಳಿದ ಹೊತ್ತು ಬಾಗಿಲು ಮುಚ್ಚಿರುತ್ತದೆ, ಮಷಿನ್ ತನ್ನ ಪಾಡಿಗೆ ಓಡುತ್ತಿರುತ್ತದೆ. ಒಬ್ಬ ಆಪರೇಟರ್ ಎರಡು ಮಷಿನ್ ನೋಡಬಹುದು. ವಿಎಂಸಿಯಲ್ಲೂ ಹಾಗೆಯೇ. ಆಗ ಟರ್ನಿಂಗ್‌ಗೆ 2.4, ವಿಎಂಸಿಗೆ 3.1, ಗ್ರೈಂಡಿಂಗ್‌ಗೆ 2.7, ಚೆಕ್ಕಿಂಗ್‌ಗೆ 2, ಒಟ್ಟು 10 ಚಿಲ್ಲರೆ. ಜೊತೆಗೆ ಒಬ್ಬ ಸೆಟ್ಟರ್, ಅಲ್ಲಿಗೆ 11. ಎರಡೆರಡು ಮಷಿನ್ ನೋಡಬೇಕಾದರೆ ಅವು ಅಕ್ಕಪಕ್ಕದಲ್ಲಿರಬೇಕು. ನಿಮ್ಮ ಲೇಔಟ್ ಹಾಗಿಲ್ಲದಿದ್ದರೆ ಜನ ತಗೊಳ್ಳುವ ಮೊದಲು ಕ್ರೇನ್ ಕರೆಸಿ ಮಷಿನ್ ಸರಿಸಿ, ಅದೇ ಅಗ್ಗ.

ಇನ್ನೊಂದು ಮುಖ್ಯ ವಿಷಯ ಪ್ರಶ್ನೆಯಲ್ಲಿ ಇಲ್ಲ. ನಿಮ್ಮ ಮಷಿನ್‌ಗಳಲ್ಲಿ ಜಾಗ ಇದೆಯಾ? ಎರಡು ಶಿಫ್ಟಿನಲ್ಲಿ ಒಂದು ಮಷಿನ್ ತಿಂಗಳಿಗೆ ಸುಮಾರು 320 ಗಂಟೆ ಓಡುತ್ತದೆ. ಈ ಆರ್ಡರ್‌ಗೆ ಹೆಚ್ಚುಕಡಿಮೆ 2.2 ಟರ್ನಿಂಗ್ ಮಷಿನ್, 2.8 ವಿಎಂಸಿ ಖಾಲಿ ಬೇಕು. ಅಷ್ಟು ಖಾಲಿ ಇಲ್ಲದಿದ್ದರೆ ಮೂರನೇ ಶಿಫ್ಟ್ ಶುರು ಮಾಡಬೇಕು, ಇಲ್ಲವೇ ಮಷಿನ್ ಕೊಳ್ಳಬೇಕು. ಇಲ್ಲದಿದ್ದರೆ 11 ಜನರನ್ನು ತಗೊಂಡೂ ಅವರು ಸುಮ್ನೆ ನಿಂತಿರುತ್ತಾರೆ.

ಮೂರನೇ ಶಿಫ್ಟ್ ಎಂದರೆ ಇನ್ನೊಂದು ಮಾತು ನೆನಪಿಗೆ ಬಂತು. ಗೇಟಿಗೆ 24 ಗಂಟೆ ವಾಚ್‌ಮನ್ ಬೇಕು ಎಂದರೆ ಮೂವರು ಸಾಕು ಅಂದುಕೊಳ್ಳುತ್ತಾರೆ. ವರ್ಷಕ್ಕೆ 1,095 ಶಿಫ್ಟ್, ಒಬ್ಬರು ಸಿಗುವುದು 277 ದಿನ, ಅಂದರೆ ನಾಲ್ವರು. ಆ ನಾಲ್ಕನೆಯವರನ್ನು ಇಡದ ಕಡೆ ಮೂವರೂ ವರ್ಷವಿಡೀ ಡಬಲ್ ಡ್ಯೂಟಿ ಮಾಡುತ್ತಿರುತ್ತಾರೆ. ಆಸ್ಪತ್ರೆಗಳಿಗೆ ಇದು ಚೆನ್ನಾಗಿ ಗೊತ್ತು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ, ಹಾಸಿಗೆ ಲೆಕ್ಕದಲ್ಲಿ ಬಂದ ನರ್ಸ್‌ಗಳ ಸಂಖ್ಯೆಯ ಮೇಲೆ ರಜೆಗೆಂದೇ ಶೇ 30 ಸೇರಿಸುತ್ತಾರೆ.

ಮೇಲೆ ನಾನು ಹಿಡಿದ 12 ದಿನದ ಗೈರು ನಿಮ್ಮಲ್ಲಿ ಬೇರೆ ಇರಬಹುದು. ಕಳೆದ ಒಂದು ವರ್ಷದ ಹಾಜರಿ ಪುಸ್ತಕ ತೆಗೆದುಕೊಂಡು ಕುಳಿತುಕೊಳ್ಳಿ. ಪ್ರತಿ ವಾರ ಎಷ್ಟು ಜನ ಬಂದಿಲ್ಲ ಎಂದು ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಗೈರು ವರ್ಷವಿಡೀ ಹರಡಿಕೊಂಡಿರುವುದಿಲ್ಲ, ಗುಂಪುಗುಂಪಾಗಿ ಬರುತ್ತದೆ. ನಿಮ್ಮ ಭಾಗದಲ್ಲಿ ಅದು ಬಹುಮಟ್ಟಿಗೆ ಮೊದಲೇ ಗೊತ್ತಿರುವ ವಾರಗಳಲ್ಲೇ ಇರುತ್ತದೆ: ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಜಾತ್ರೆ, ಏಪ್ರಿಲ್-ಮೇನ ಮದುವೆಗಳು, ಮಳೆ ಬಿದ್ದೊಡನೆ ಜೂನ್‌ನ ಬಿತ್ತನೆ, ಗಣಪತಿ ಹಬ್ಬ, ಸಕ್ಕರೆ ಕಾರ್ಖಾನೆಗಳು ಶುರುವಾದ ಮೇಲೆ ಕಬ್ಬಿನ ಕಟಾವು. ಬಿತ್ತನೆಗೆ ಹೋಗಬೇಡ ಎಂದರೆ ಹುಡುಗ ನಿಲ್ಲುವುದಿಲ್ಲ. ಹೇಳಿ ಹೋಗುವ ಬದಲು ಹೇಳದೆ ಹೋಗುತ್ತಾನೆ. ಆ ವಾರಗಳಿಗೆ ಗಿರಾಕಿಗೆ ಕೊಡುವ ಶೆಡ್ಯೂಲ್ ಅನ್ನೇ ಸ್ವಲ್ಪ ಇಳಿಸಿ, ಹಿಂದಿನ ವಾರ ಸ್ಟಾಕ್ ಮಾಡಿಟ್ಟುಕೊಳ್ಳಿ. ಇದಕ್ಕೆ ಹೆಚ್ಚುವರಿ ಜನ ಬೇಕಿಲ್ಲ, ಕ್ಯಾಲೆಂಡರ್ ಸಾಕು.

ಮುಂದಿನದು ಹೆಸರುಗಳ ಪಟ್ಟಿ. ಒಂದು ಚಾರ್ಟ್ ಹಾಳೆಯ ಎಡಗಡೆ 34 ಹೆಸರು, ಮೇಲ್ಗಡೆ ಕೆಲಸಗಳು: ಟರ್ನಿಂಗ್ ಆಪರೇಟಿಂಗ್, ಟರ್ನಿಂಗ್ ಸೆಟ್ಟಿಂಗ್, ವಿಎಂಸಿ ಆಪರೇಟಿಂಗ್, ವಿಎಂಸಿ ಸೆಟ್ಟಿಂಗ್, ಗ್ರೈಂಡಿಂಗ್, ಫೈನಲ್ ಇನ್‌ಸ್ಪೆಕ್ಷನ್, ಡಿಸ್ಪ್ಯಾಚ್ ಪೇಪರ್, ಕೂಲೆಂಟ್ ನೋಡಿಕೊಳ್ಳುವುದು ಕೂಡ. ಪ್ರತಿ ಮನೆಯಲ್ಲಿ ಒಂದು ಅಂಕಿ. ಏನೂ ಗೊತ್ತಿಲ್ಲದಿದ್ದರೆ 0, ಕಲಿಯುತ್ತಿದ್ದರೆ 1, ಒಬ್ಬರೇ ಮಾಡಬಲ್ಲರಾದರೆ 2, ಬೇರೆಯವರಿಗೂ ಕಲಿಸಬಲ್ಲರಾದರೆ 3. ಎರಡೂ ಶಿಫ್ಟಿನ ಸೂಪರ್‌ವೈಸರ್‌ಗಳನ್ನು ಬೇರೆ ಬೇರೆಯಾಗಿ ಕೂರಿಸಿ ತುಂಬಿಸಿ. ಇಬ್ಬರ ಅಂಕಿ ಹೊಂದದ ಕಡೆ ಬಹಳ ವಿಷಯ ಹೊರಗೆ ಬರುತ್ತದೆ. ಆಮೇಲೆ ಹಾಳೆಯನ್ನು ಅಡ್ಡಡ್ಡ ಓದಬೇಡಿ, ಮೇಲಿಂದ ಕೆಳಗೆ ಓದಿ. ಯಾವ ಕಾಲಂನಲ್ಲಿ 2 ಅಥವಾ 3 ಒಂದೇ ಒಂದು ಇದೆಯೋ ಅಲ್ಲಿ ನಿಮ್ಮ ಕಂಪನಿ ಒಬ್ಬರ ಜ್ವರಕ್ಕೆ ಸಿಕ್ಕಿಹಾಕಿಕೊಂಡಿದೆ. ಇಂಥ ಕಾಲಂಗಳು ಮೂರೋ ನಾಲ್ಕೋ ಇದ್ದರೆ, 11 ಹೊಸಬರಿಗಿಂತ ಮೊದಲು ಅವಕ್ಕೆ ಎರಡನೇ ಜನರನ್ನು ತಯಾರು ಮಾಡಿ. ಹಳಬರಲ್ಲೇ ಚುರುಕಾದವರನ್ನು ಅಲ್ಲಿಗೆ ಏರಿಸಿ, ಅವರ ಜಾಗಕ್ಕೆ ಹೊಸಬರನ್ನು ತನ್ನಿ. ಹೊರಗಿಂದ ಹೆಲ್ಪರ್ ಸಿಗುವುದು ಸುಲಭ, ಸೆಟ್ಟರ್ ಸಿಗುವುದು ಕಷ್ಟ. ಸಿಕ್ಕಿದರೂ ನಿಮ್ಮ ಪಕ್ಕದ ಶೆಡ್‌ನಿಂದಲೇ ಬರುತ್ತಾನೆ, ನಾಳೆ ಅದರ ಪಕ್ಕದ ಶೆಡ್‌ಗೆ ಹೋಗುತ್ತಾನೆ.

ಹೆಲ್ಪರ್ ವಾರದಲ್ಲಿ ತಯಾರು. ಆಪರೇಟರ್‌ಗೆ ಮೂರು-ನಾಲ್ಕು ತಿಂಗಳು. ಸೆಟ್ಟರ್ ಆಗಲು ಒಂದೂವರೆ-ಎರಡು ವರ್ಷ ಹಿಡಿಯುತ್ತದೆ. ಹೀಗಾಗಿ ಯಾರನ್ನು ಯಾವಾಗ ತಗೊಳ್ಳಬೇಕು ಎನ್ನುವುದು ಆರ್ಡರ್ ತಾರೀಕಿನಿಂದ ಹಿಂದಕ್ಕೆ ಎಣಿಸಿ ಬರಬೇಕು. ಸ್ಯಾಂಪಲ್ ಅಪ್ರೂವ್ ಆದ ದಿನ ಸೆಟ್ಟರ್ ಮತ್ತು ನಾಲ್ಕು ಆಪರೇಟರ್‌ಗಳು. ಎರಡನೇ ತಿಂಗಳ ಪಕ್ಕಾ ಶೆಡ್ಯೂಲ್ ಕೈಗೆ ಬಂದ ಮೇಲೆ ಉಳಿದವರು. ಗಿರಾಕಿ ಬಾಯಲ್ಲಿ ಹೇಳುವ 6,000ವನ್ನು ನಂಬಿ ಜನ ತಗೊಳ್ಳಬೇಡಿ, ಪಿಒ (ಲಿಖಿತ ಖರೀದಿ ಆದೇಶ) ನೋಡಿ ತಗೊಳ್ಳಿ. ನಡುವಿನ ಕೊರತೆಗೆ ಓಟಿ (ಓವರ್‌ಟೈಮ್) ಇದೆ. ಓಟಿಗೆ ಡಬಲ್ ಸಂಬಳ ಕೊಡಬೇಕಾದ್ದರಿಂದ ಲೆಕ್ಕ ಸರಳ: ಒಂದು ಜಾಗದಲ್ಲಿ ತಿಂಗಳಿಗೆ ಅರ್ಧ ಆಳಿನ ಕೆಲಸಕ್ಕಿಂತ ಕಡಿಮೆ ಕೊರತೆ ಇದ್ದರೆ ಓಟಿ ಅಗ್ಗ, ಅದಕ್ಕಿಂತ ಹೆಚ್ಚಾದರೆ ಹೊಸ ಆಳು ಅಗ್ಗ. ಆದರೆ ಮೂರು ತಿಂಗಳು ದಾಟಿದ ಓಟಿ ಮನೆಯ ಸಂಬಳದ ಭಾಗವೇ ಆಗಿಬಿಡುತ್ತದೆ. ಜನ ಅದರ ಮೇಲೆ ಬೈಕಿನ ಕಂತು ಕಟ್ಟುತ್ತಿರುತ್ತಾರೆ. ಆಮೇಲೆ ನಿಲ್ಲಿಸಿದರೆ ಸಂಬಳ ಕಡಿಮೆ ಮಾಡಿದಂತೆಯೇ ಅವರಿಗೆ ಅನ್ನಿಸುತ್ತದೆ.

ಅಪ್ರೆಂಟಿಸ್‌ಗಳನ್ನು ಮರೆಯಬೇಡಿ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಒಟ್ಟು ಸಂಖ್ಯೆಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ನಿಮ್ಮಲ್ಲಿ 34 ಇದ್ದಾರೆ, ಅಂದರೆ ಇದು ಈಗಾಗಲೇ ನಿಮಗೆ ಅನ್ವಯ. ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ 25ರಷ್ಟು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರವೇ ಕೊಡುತ್ತದೆ. ಹೆಚ್ಚಿನವರು ಇದನ್ನು ತುಂಬಬೇಕಾದ ಇನ್ನೊಂದು ಫಾರ್ಮ್ ಎಂದು ನೋಡುತ್ತಾರೆ. ನಾನು ನೋಡುವುದು ಬೇರೆ ಥರ. ಐಟಿಐ ಮುಗಿಸಿ ಬಂದ ಮೂವರು ಹುಡುಗರನ್ನು ಒಂದು ವರ್ಷ ಹತ್ತಿರದಿಂದ ನೋಡಲು ಸಿಗುತ್ತದೆ. ಅರ್ಧ ಗಂಟೆಯ ಇಂಟರ್‌ವ್ಯೂನಲ್ಲಿ ಇದು ಎಲ್ಲಿ ಸಾಧ್ಯ?

ಇನ್ನು ಅಕೌಂಟೆಂಟ್ ಹೆದರಿಸಿದ 50. ಮೊದಲಿಗೆ, 34ಕ್ಕೆ 11 ಸೇರಿಸಿದರೆ 45. ಆ ಗೆರೆ ನಿಮಗೆ ಇನ್ನೂ ಬಂದೇ ಇಲ್ಲ. ಇಎಸ್‌ಐಗೆ 10, ಪಿಎಫ್‌ಗೆ 20 ಜನರ ಗೆರೆ ನೀವು ಎಂದೋ ದಾಟಿದ್ದೀರಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ 50 ಜನರಿಗೆ ಬರುವ ದೊಡ್ಡ ಹೊಣೆ ಎಂದರೆ ಮಕ್ಕಳ ಪಾಲನಾ ಕೇಂದ್ರ. ಅದನ್ನು ಅಕ್ಕಪಕ್ಕದ ಕಾರ್ಖಾನೆಗಳ ಜೊತೆ ಸೇರಿ ನಡೆಸಲೂ ಅವಕಾಶ ಇದೆ. ಜನರನ್ನು ತೆಗೆಯಲು ಅಥವಾ ಕಾರ್ಖಾನೆ ಮುಚ್ಚಲು ಸರ್ಕಾರದ ಮುಂಚಿನ ಅನುಮತಿ ಬೇಕೆನ್ನುವ ಗೆರೆ ಮೊದಲು 100 ಕೆಲಸಗಾರರಿಗೆ ಇತ್ತು, ಈಗ 300. ಸಂಖ್ಯೆ ಕಡಿಮೆ ತೋರಿಸಲು 49ರಲ್ಲೇ ವರ್ಷಗಟ್ಟಲೆ ಕುಂಟುತ್ತಿರುವ ಎಷ್ಟೋ ಕಾರ್ಖಾನೆಗಳನ್ನು ನೋಡಿದ್ದೇನೆ. ಉಳಿಸಿದ್ದಕ್ಕಿಂತ ಬಿಟ್ಟುಕೊಟ್ಟ ಆರ್ಡರ್‌ಗಳೇ ಜಾಸ್ತಿ.

ಕಂಟ್ರಾಕ್ಟರ್ ಕಡೆಯಿಂದ ಲೋಡಿಂಗ್, ಕ್ಲೀನಿಂಗ್, ಸೆಕ್ಯುರಿಟಿಗೆ ಜನ ತಗೊಳ್ಳಿ, ತಪ್ಪಿಲ್ಲ. ಮಷಿನ್ ಮೇಲೆ ಬೇಡ. ನಿಮ್ಮ ಖರ್ಚಿನಲ್ಲಿ ಮೂರು ತಿಂಗಳು ಕಲಿತ ಹುಡುಗನನ್ನು ಕಂಟ್ರಾಕ್ಟರ್ ನಾಲ್ಕನೇ ತಿಂಗಳು ಬೇರೆ ಕಡೆ ಕಳಿಸುತ್ತಾನೆ. ಅವನು ಪಿಎಫ್, ಇಎಸ್‌ಐ ಕಟ್ಟದಿದ್ದರೆ ಹೊಣೆ ಕೊನೆಗೆ ನಿಮ್ಮ ತಲೆಗೇ ಬರುತ್ತದೆ. ಹೊಸ ಆರ್ಡರ್ ಎಷ್ಟು ದಿನ ಇರುತ್ತದೋ ಎಂಬ ಅನುಮಾನ ಇದ್ದರೆ ನಿಗದಿತ ಅವಧಿಯ ನೇಮಕಾತಿ ಮಾಡಿ. ಸಂಬಳ, ಸೌಲಭ್ಯ ಕಾಯಂ ಜನರಷ್ಟೇ ಕೊಡಬೇಕು, ಒಂದು ವರ್ಷ ಮಾಡಿದರೆ ಗ್ರಾಚ್ಯುಟಿಯೂ ಉಂಟು. ಅವಧಿ ಮುಗಿದಾಗ ಇಬ್ಬರಿಗೂ ಜಗಳವಿಲ್ಲ.

ನೀವು ಮುಂದೆ 80, 100 ಎಂದು ಬೆಳೆದರೆ ಲೆಕ್ಕ ಬದಲಾಗುತ್ತದೆ. ನನ್ನ ಕಣ್ಣಿಗೆ ಎಲ್ಲಕ್ಕಿಂತ ಕಷ್ಟದ ಅಳತೆ ಅದೇ. ಮಾಲೀಕರಿಗೆ ಎಲ್ಲರ ಹೆಸರು ನೆನಪಿರುವುದಿಲ್ಲ, ಸರಾಸರಿ ಹಿಡಿಯುವಷ್ಟು ಜನರೂ ಇರುವುದಿಲ್ಲ. ಅಲ್ಲಿ ಕೊರತೆ ಬೀಳುವುದು ಆಪರೇಟರ್‌ಗಳದ್ದಲ್ಲ, ಸೂಪರ್‌ವೈಸರ್‌ಗಳದ್ದು. ಹದಿನೈದು-ಇಪ್ಪತ್ತು ಜನರಿಗೆ ಒಬ್ಬರಾದರೂ ಬೇಕು. ಎಲ್ಲರೂ ಮಾಡುವುದು ಏನೆಂದರೆ ಒಳ್ಳೆಯ ಆಪರೇಟರ್‌ಗೆ ಪ್ರಮೋಷನ್ ಕೊಡುವುದು. ಒಬ್ಬ ಒಳ್ಳೆಯ ಆಪರೇಟರ್ ಹೋದ, ಒಬ್ಬ ಗೊಂದಲದ ಸೂಪರ್‌ವೈಸರ್ ಬಂದ. ಯಾರಿಗೆ ಕಲಿಸುವ ಮನಸ್ಸಿದೆ ಎಂದು ಈಗಿನಿಂದಲೇ ನೋಡುತ್ತಿರಿ. ಚಾರ್ಟ್‌ನಲ್ಲಿ 3 ಬಿದ್ದವರಲ್ಲೇ ಅವರು ಸಿಗುತ್ತಾರೆ.

ಕೊನೆಗೆ ನಿಮ್ಮ ಗ್ರೈಂಡಿಂಗ್ ಮಿಸ್ತ್ರಿ. ‘ಅಂದಹಾಗೆ’ ಎಂದು ಒಂದು ಸಾಲಿನಲ್ಲಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಸಾಲೇ. ಹೊಸ ಆರ್ಡರ್‌ಗೆ 400 ಗಂಟೆ ಗ್ರೈಂಡಿಂಗ್ ಬೇಕು, ಆ ಕೆಲಸದಲ್ಲಿ ಪಳಗಿದವರು ವರ್ಷದೊಳಗೆ 58 ಮುಟ್ಟುತ್ತಾರೆ. ಪಿಎಫ್ ಪಿಂಚಣಿ ಶುರುವಾಗುವುದೂ 58ಕ್ಕೇ. ಹೈಡ್ರಾಲಿಕ್ ಪಾರ್ಟ್‌ನ ಗ್ರೈಂಡಿಂಗ್ ಎಂದರೆ ಮೈಕ್ರಾನ್ ಲೆಕ್ಕ. ವೀಲ್ ಡ್ರೆಸ್ ಮಾಡುವ (ಸವೆದ ಗ್ರೈಂಡಿಂಗ್ ಚಕ್ರವನ್ನು ಮತ್ತೆ ಹರಿತಗೊಳಿಸುವ) ಹೊತ್ತು ಯಾವಾಗ ಎಂದು ಅವರು ಶಬ್ದದಲ್ಲೇ ಹೇಳುತ್ತಾರೆ, ಕಿಡಿ ನೋಡಿ ಎಷ್ಟು ಕಟ್ ಹೋಗುತ್ತಿದೆ ಎನ್ನುತ್ತಾರೆ. ಅದು ಯಾವ ಡ್ರಾಯಿಂಗ್‌ನಲ್ಲೂ ಬರೆದಿಲ್ಲ. ಅವರು ಹೋದ ಮೇಲೆ ಒಬ್ಬರು ಬೇಕು ಎಂದು ಬರೆದಿದ್ದೀರಿ. ಆ ಒಬ್ಬರು ಈಗ, ಈ ತಿಂಗಳೇ, ಅವರ ಪಕ್ಕದಲ್ಲಿ ನಿಂತಿರಬೇಕು. ಸಾಧ್ಯವಾದರೆ ಇಬ್ಬರು.

ಅವರ ಜೊತೆ ಕೂತು ಮಾತಾಡಿ. ಕಲಿಸಲು ನಿಂತರೆ ಅವರ ಪೀಸ್ ಕಡಿಮೆಯಾಗುತ್ತದೆ. ನಿಮ್ಮಲ್ಲಿ ಇನ್ಸೆಂಟಿವ್ ಪೀಸಿನ ಮೇಲೆ ಇದ್ದರೆ ಅವರು ಕಲಿಸುವುದಿಲ್ಲ, ಕಲಿಸಲೂಬಾರದು. ಯಾರು ತಮ್ಮ ಜೇಬಿನ ದುಡ್ಡು ಬಿಟ್ಟು ಕಲಿಸುತ್ತಾರೆ? ಹಿಂದಿನ ಆರು ತಿಂಗಳ ಸರಾಸರಿ ಇನ್ಸೆಂಟಿವ್ ಅವರಿಗೆ ಕಾಯಂ ಮಾಡಿ. ಹುಡುಗ ಒಬ್ಬನೇ ಸೆಟ್ ಮಾಡಿದ ಮೊದಲ ಲಾಟ್ ಇನ್‌ಸ್ಪೆಕ್ಷನ್ ಪಾಸಾದ ದಿನ ಅವರಿಗೆ ಒಂದು ಮೊತ್ತ ಎಂದು ಮೊದಲೇ ಮಾತಾಡಿಕೊಳ್ಳಿ. 58 ಆದ ಮೇಲೆ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಮೂರು ದಿನ ಬರುತ್ತೀರಾ ಎಂದು ಕೇಳಿ. ಮಷಿನ್ ಹಿಡಿಯುವುದು ಬೇಡ, ನಿಂತು ನೋಡಿದರೆ ಸಾಕು ಎಂದು ಹೇಳಿ. ಒಪ್ಪಿದರೆ ಅದನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿ, ಪಿಎಫ್‌ನ ಲೆಕ್ಕ ಹೇಗೆ ಬರುತ್ತದೆ ಎಂದು ಅಕೌಂಟೆಂಟ್ ಹತ್ತಿರ ಕೇಳಿಕೊಳ್ಳಿ. ಇದು ಪಕ್ಕಾ ಆದ ಮೇಲೆ 6,000 ಪೀಸಿನ ಆರ್ಡರ್‌ಗೆ ಹೂಂ ಅನ್ನಿ. ಆಗುವವರೆಗೆ 2,500ರಿಂದ ಶುರು ಮಾಡೋಣ ಎಂದು ಗಿರಾಕಿಗೆ ಹೇಳಲು ಹಿಂಜರಿಯಬೇಡಿ.